ಒತ್ತು, ಹಿಡಿ, ಬಿಡು

ಹಳೆಯ ಮೋಟಾರೊಂದನ್ನು ಕೊಂಡು ತಂದವನ ಅಂಗಳಕ್ಕೆ ಬರುವ ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯವು. ಎಷ್ಟಕ್ಕೆ ಬಂತು? ಲೀಟರಿಗೆ ಎಷ್ಟು ದೂರ ಓಡುತ್ತದೆ? ಏರು ಹತ್ತುತ್ತದೆಯೇ? ಅದು ನಿಲ್ಲುತ್ತದೆಯೇ ಎಂದು ಕೇಳಿದವರು ಬಹಳ ವಿರಳ. ಓಡುವ ವಸ್ತುವಿಗೆ ನಿಲ್ಲುವ ಗುಣವೂ ಹುಟ್ಟಿನಿಂದಲೇ ಬಂದಿರುವುದೆಂದು ಲೋಕವು ನಂಬಿಕೊಂಡಿದೆ. ನಂಬಿಕೊಂಡದ್ದನ್ನು ಪರೀಕ್ಷಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಉಳವಿಯ ಮಾಸ್ತರರ ಜೀಪಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಮಾಸ್ತರರು ಶಾಲೆಯಿಂದ ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಒಂದಂಶವನ್ನು ಕೊಟ್ಟು, ಒಂದು ಕಚೇರಿಯವರು ಹರಾಜಿಗಿಟ್ಟಿದ್ದ ಹಳೆಯ ಜೀಪನ್ನು ತಂದು ಹಲಸಿನ ಮರದ ಕೆಳಗೆ ನಿಲ್ಲಿಸಿದರು. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರಾ ಕಂಪನಿಯು ವಿಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ನಾಡಿನ ಕಾಡುಮೇಡುಗಳಲ್ಲೆಲ್ಲ ಹಬ್ಬಿದ ವಂಶದ ಕುಡಿಯಿದು. ಎರಡು ಮಳೆಗಾಲಗಳನ್ನು ಅದು ತಾಡಪಾಲಿನ ಕೆಳಗೆ ಕಳೆಯಿತು. ಉಳವಿಯ ಮಳೆಗಾಲವೆಂದರೆ ಗೋಡೆಗೆ ಹಾವಸೆ, ಹಪ್ಪಳಕ್ಕೆ ಬೂಷ್ಟು, ಪುಸ್ತಕಕ್ಕೆ ಹುಳ ಎಂಬ ಲೆಕ್ಕ. ಕಬ್ಬಿಣಕ್ಕೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ದೀಪಾವಳಿಯ ಹೊತ್ತಿಗೆ ಇಂಜಿನ್ನು ಗುಡುಗಿತು, ಮೈಗೆ ಹಸುರು ಬಣ್ಣ ಬಂತು, ಸೀಟಿಗೆ ಹೊಸ ರೆಕ್ಸಿನ್ನು ಬಂತು. ಊರವರು ಬಂದು ನೋಡಿ ಮೆಚ್ಚಿದರು. ಬ್ರೇಕಿನ ಪೆಡಲು ಮೊದಲ ಸಲ ಒತ್ತಿದಾಗ ನೆಲಕ್ಕೆ ತಾಗುವಷ್ಟು ಇಳಿಯುತ್ತಿತ್ತು, ಎರಡನೆಯ ಸಲ ಒತ್ತಿದರೆ ಹಿಡಿಯುತ್ತಿತ್ತು. ‘ಎರಡು ಸಲ ಒತ್ತಿದರಾಯಿತಲ್ಲ’ ಎಂದು ನೋಡಿದವರೆಲ್ಲ ಸಮಾಧಾನ ಹೇಳಿದರು. ಎರಡು ಸಲ ಒತ್ತುವಷ್ಟು ಕಾಲವನ್ನು ರಸ್ತೆಯು ಎಲ್ಲ ವೇಳೆಯಲ್ಲಿಯೂ ಕೊಡುವುದೇ ಎಂಬುದು ಬೇರೆ ಮಾತು.

ಉಳವಿಗೆ ಹೋಗಿಬಂದವರಿಗೆ ಅಲ್ಲಿಯ ರಸ್ತೆಯ ಪರಿಚಯವಿದೆ. ದಾಂಡೇಲಿಯಿಂದ ಪೋಟೋಲಿ, ಗುಂದ ಮಾರ್ಗವಾಗಿ ಬಂದರೂ ಸರಿ, ಜೋಯಿಡಾದಿಂದ ಕುಂಬಾರವಾಡದ ಮಾರ್ಗವಾಗಿ ಬಂದರೂ ಸರಿ, ಇಕ್ಕೆಲಗಳಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು, ನಡುವೆ ಏರು, ಇಳಿಜಾರು, ಕುರುಡು ತಿರುವು. ಕಲ್ಯಾಣದ ಕ್ರಾಂತಿಯ ಅನಂತರ ಹನ್ನೆರಡನೆಯ ಶತಮಾನದಲ್ಲಿ ಶರಣರ ತಂಡದೊಡನೆ ಈ ಕಾಡಿಗೆ ಬಂದ ಚನ್ನಬಸವಣ್ಣನವರು ಇಲ್ಲಿಯೇ ಐಕ್ಯರಾದರೆಂಬುದು ಪರಂಪರೆಯ ಮಾತು. ಅವರ ಸಮಾಧಿಯ ಸನ್ನಿಧಿಯಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು, ದಾರಿಯಲ್ಲಿ ಬೀಡುಬಿಡುತ್ತ, ಹಲವು ದಿನಗಳ ಪಯಣ ಮಾಡಿ ಬರುತ್ತಾರೆ. ಆ ದಿನಗಳಲ್ಲಿ ಒಂದು ತಿರುವಿನ ಆಚೆ ಏನಿರಬಹುದೆಂದು ಕೇಳಿದರೆ ಉತ್ತರ ಒಂದೇ: ಗಾಡಿ, ಅದರ ಹಿಂದೆ ಇನ್ನೊಂದು ಗಾಡಿ, ಅವುಗಳ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಮಕ್ಕಳು.

ಮಾಸ್ತರರ ಮನೆ ದೇವಸ್ಥಾನದಿಂದ ಎರಡು ಕಿಲೋಮೀಟರು ಮೇಲಕ್ಕಿದೆ. ಅವರ ವೃದ್ಧ ತಾಯಿಗೆ ಮೊಣಕಾಲು ಸೋತು ಎರಡು ವರ್ಷಗಳಿಂದ ತೇರನ್ನು ನೋಡಿರಲಿಲ್ಲ. ಈ ಸಲ ಜೀಪಿನಲ್ಲಿ ಕರೆದೊಯ್ಯುವುದೆಂದು ಮಾಸ್ತರರು ಮಾತು ಕೊಟ್ಟಿದ್ದರು. ಹೀಗಿರುವಾಗ ಡಿಸೆಂಬರಿನ ಒಂದು ಬೆಳಗ್ಗೆ, ಮಡದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ, ತಿರುವಿನಲ್ಲಿ ಸೌದೆಯ ಗಾಡಿಯೊಂದು ಎದುರಾಯಿತು. ಮೊದಲ ಒತ್ತು ನೆಲಕ್ಕಿಳಿಯಿತು. ಎರಡನೆಯದು ಹಿಡಿಯಿತು. ಜೀಪು ನಿಂತಾಗ ಅದರ ಮೂತಿಗೂ ಸೌದೆಯ ತುದಿಗೂ ನಡುವೆ ಒಂದು ಗೇಣಿನ ಅಂತರವಿತ್ತು. ಮನೆಗೆ ಬಂದ ಮೇಲೆ ಮಡದಿ ಕೂಗಾಡಲಿಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಂದೇ ಮಾತು ಹೇಳಿದರು: “ಇದು ಸರಿ ಆಗೂ ತನಕಾ ನಾನೂ ಕೂಡಂಗಿಲ್ರಿ, ಅತ್ತಿಯವರನ್ನೂ ಕೂಡಸಂಗಿಲ್ಲ.”

ಜೀಪಿನ ಬ್ರೇಕಿನ ಗುಟ್ಟೆಲ್ಲ ಇರುವುದು ಒಂದು ಬಟ್ಟಲು ದ್ರವದಲ್ಲಿ. ಚಾಲಕನ ಕಾಲಡಿಯ ತಗಡಿನ ಕೆಳಗೆ ಮಾಸ್ಟರ್ ಸಿಲಿಂಡರು ಎಂಬ ಚಿಕ್ಕ ಕೊಳವೆಯಿದೆ. ಪೆಡಲನ್ನು ಒತ್ತಿದಾಗ ಅದರೊಳಗಿನ ಬೆಣೆ ದ್ರವವನ್ನು ನೂಕುತ್ತದೆ. ಉಕ್ಕಿನ ಸಣ್ಣ ನಳಿಕೆಗಳಲ್ಲಿ ಹರಿದ ಒತ್ತಡವು ನಾಲ್ಕು ಗಾಲಿಗಳಲ್ಲಿರುವ ಪುಟ್ಟ ಸಿಲಿಂಡರುಗಳನ್ನು ಮುಟ್ಟಿ, ಅಲ್ಲಿಯ ಬೆಣೆಗಳನ್ನು ಹೊರಕ್ಕೆ ತಳ್ಳಿ, ಲೈನರುಗಳನ್ನು ಡ್ರಮ್ಮಿನ ಒಳಮೈಗೆ ಅಮುಕುತ್ತದೆ. ಮುಚ್ಚಿದ ಪಾತ್ರೆಯ ದ್ರವವನ್ನು ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ವಿದ್ವಾಂಸ ಕಂಡುಹೇಳಿದ್ದನು. ಅದನ್ನು ಮೋಟಾರಿನ ಗಾಲಿಗೆ ತಂದು ಕೂರಿಸುವುದಕ್ಕೆ 20ನೆಯ ಶತಮಾನವೇ ಬರಬೇಕಾಯಿತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗಳಿಗೆ ಇಂತಹ ಬ್ರೇಕು ಬಂದರೂ, ಫೋರ್ಡ್ ಕಂಪನಿಯು ಸಲಾಕೆಯ ಎಳೆತವನ್ನೇ ನೆಚ್ಚಿಕೊಂಡು 1939ರ ಮಾದರಿಯವರೆಗೂ ಕಾಯಿತು. ನೀರನ್ನು ನಂಬಿ ಇಳಿಜಾರು ಇಳಿಯುವುದೇ ಎಂಬ ಅಳುಕು ದೊಡ್ಡವರಿಗೂ ಇದ್ದಿತೆಂದು ಕಾಣುತ್ತದೆ.

ದ್ರವವು ಕುಗ್ಗದು, ಅದೇ ಅದರ ನಂಬುಗೆ. ಆದರೆ ಗಾಳಿ ಕುಗ್ಗುತ್ತದೆ. ನಳಿಕೆಯಲ್ಲಿ ಕಡಲೆಕಾಳಿನಷ್ಟು ಗುಳ್ಳೆಯೊಂದು ಸಿಕ್ಕಿಕೊಂಡರೆ, ಚಾಲಕನ ಕಾಲು ಗಾಲಿಯನ್ನು ಒತ್ತುವ ಬದಲು ಆ ಗುಳ್ಳೆಯನ್ನು ಒತ್ತುತ್ತ ಹೋಗುತ್ತದೆ. ಪೆಡಲು ಸ್ಪಂಜಿನಂತೆ ಮೆತ್ತಗಾಗುತ್ತದೆ. ಗ್ಯಾರೇಜಿನವರು ಇದಕ್ಕೆ ‘ಏರ್ ಹಿಡಿದಿದೆ’ ಎನ್ನುತ್ತಾರೆ; ಹೊಟ್ಟೆಗೆ ವಾಯು ಹಿಡಿದಂತೆಯೇ.

ಜೋಯಿಡಾದ ಕಡೆಯಿಂದ ಬಂದ ಮಿಸ್ತ್ರಿಯೂ ಇದನ್ನೇ ಹೇಳಿದನು. “ಏನೂ ಆಗಿಲ್ರಿ ಮಾಸ್ತರ, ಏರ್ ಹಿಡದೈತಿ. ಏರ್ ತಗದ್ರ ಕಲ್ಲ ಆಕ್ಕೈತಿ ನೋಡ್ರಿ.” ಅವನು ಒಂದು ತಾಸಿನಲ್ಲಿ ಏರ್ ತೆಗೆದನು, ಪೆಡಲು ಕಲ್ಲಿನಂತಾಯಿತು, ಚಹ ಕುಡಿದು ಹೋದನು. ಎಂಟನೆಯ ದಿನ ಪೆಡಲು ಮತ್ತೆ ಮೆತ್ತಗಾಯಿತು. ಮಿಸ್ತ್ರಿ ಫೋನಿನಲ್ಲಿ, ಹದಿನೈದು ದಿನಕ್ಕೊಮ್ಮೆ ಏರ್ ತೆಗೆಯುತ್ತಿದ್ದರೆ ಸಾಕೆಂದನು. ಇಲ್ಲಿಯೇ ಮಾಸ್ತರರಿಗೆ ಸಂಶಯ ಹುಟ್ಟಿತು. ಹರಿದ ಅಂಗಿಯೊಳಗೆ ಹೊಕ್ಕ ದೂಳನ್ನು ಕೊಡವುತ್ತಲೇ ಇರುವುದೊಂದು ಪರಿಹಾರವೇ? ದ್ರವ ಹೊರಗೆ ಹೋಗದೆ ಗಾಳಿ ಒಳಗೆ ಬಾರದು. ಹಾಗಾದರೆ ಬಿರುಕೆಲ್ಲಿದೆ?

ಕೆಟ್ಟ ಬ್ರೇಕು ಬಾಯಿಬಿಟ್ಟು ಹೇಳುವುದಿಲ್ಲವಾದರೂ ಕಾಲಿಗೆ ಸೂಚನೆ ಕೊಡುತ್ತದೆ. ಪೆಡಲು ಮೆತ್ತಗಿದ್ದರೆ ಗಾಳಿ. ಮೊದಲ ಒತ್ತಿಗೆ ಆಳಕ್ಕಿಳಿದು, ಬೇಗ ಬೇಗನೆ ಒತ್ತಿದಾಗ ಮೇಲಕ್ಕೆ ಬಂದು ಗಟ್ಟಿಯಾದರೆ, ಹಲವು ವೇಳೆ ಲೈನರು ಸವೆದು ಡ್ರಮ್ಮಿನಿಂದ ದೂರ ಸರಿದಿರುತ್ತದೆ. ಅದನ್ನು ಹತ್ತಿರಕ್ಕೆ ತಿರುಗಿಸಿ ಹೊಂದಿಸಬೇಕು. ಪೆಡಲು ಗಟ್ಟಿಯಾಗಿದ್ದೂ ಬಂಡಿ ನಿಲ್ಲದಿದ್ದರೆ ಲೈನರಿಗೆ ಎಣ್ಣೆಯೋ ನೀರೋ ತಗುಲಿದೆ. ಒಂದು ಪಕ್ಕಕ್ಕೆ ಎಳೆದರೆ ಒಂದು ಗಾಲಿ ಹಿಡಿಯುತ್ತಿದೆ, ಅದರ ಜೊತೆಯದು ಮೈಗಳ್ಳತನ ಮಾಡುತ್ತಿದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬಂದರೆ ವೈದ್ಯನೂ ಗೊಂದಲಕ್ಕೆ ಬೀಳುತ್ತಾನೆ. ಮಾಸ್ತರರ ಜೀಪಿಗೆ ಬಂದಿದ್ದುದು ಅಂತಹ ಸನ್ನಿಪಾತವೇ.

ಗಾಲಿಗಳನ್ನು ಒಂದೊಂದಾಗಿ ಕಳಚಿ ಡ್ರಮ್ಮುಗಳನ್ನು ತೆಗೆದಾಗ ಮೊದಲ ಕಳ್ಳ ಸಿಕ್ಕಿದನು. ಹಿಂದಿನ ಎಡಗಾಲಿಯ ಸಿಲಿಂಡರಿನ ತುದಿಗಿರುವ ರಬ್ಬರಿನ ಟೊಪ್ಪಿಗೆಯನ್ನು ಎತ್ತಿ ನೋಡಿದರೆ ಒಳಗೆ ಪಸೆ. ಲೈನರು ತೊಯ್ದು ಕಪ್ಪಾಗಿತ್ತು. ಹೊರಗಿನಿಂದ ಒಂದು ತೊಟ್ಟೂ ನೆಲಕ್ಕೆ ಬಿದ್ದಿರಲಿಲ್ಲ. ಆ ಸಿಲಿಂಡರನ್ನೂ ಹಿಂದಿನ ಎರಡೂ ಗಾಲಿಗಳ ಲೈನರುಗಳನ್ನೂ ಬದಲಾಯಿಸಿದ್ದಾಯಿತು. ಒಂದೇ ಬದಿಯ ಲೈನರನ್ನು ಬದಲಿಸಿ ಉಳಿತಾಯ ಮಾಡಿದರೆ ಜೀಪು ಪಕ್ಕಕ್ಕೆ ಎಳೆಯುತ್ತದೆ. ಈ ಉಳಿತಾಯ ಕೂಡದು.

ಸಿಲಿಂಡರು ಕೆಟ್ಟದ್ದಾದರೂ ಏಕೆ? ಅಪರಾಧವು ಮಳೆಯದು, ಅದಕ್ಕೆ ನೆರವಾದುದು ‘ಬ್ರೇಕ್ ಆಯಿಲ್’ ಎಂಬ ಹೆಸರು. ಅದು ಎಣ್ಣೆಯಲ್ಲ. ಎಣ್ಣೆಗೂ ನೀರಿಗೂ ಹಗೆತನ. ಇದಕ್ಕೋ ನೀರೆಂದರೆ ಪ್ರಾಣ. ಮುಚ್ಚಳದ ಸಣ್ಣ ರಂಧ್ರದಿಂದ ಒಳಬರುವ ಗಾಳಿಯ ತೇವವನ್ನೇ ಅದು ಹೀರಿಕೊಳ್ಳುತ್ತದೆ. ಡಾಟ್-3 ಎಂಬ ಗುರುತಿನ ದ್ರವವು ಹೊಸದಾಗಿದ್ದಾಗ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದೆಂದು ಕಟ್ಟಳೆಯಿದೆ. ಶೇಕಡಾ 3.7ರಷ್ಟು ನೀರು ಕೂಡಿತೆಂದರೆ ಆ ಕಟ್ಟಳೆ 140 ಡಿಗ್ರಿಗೆ ಇಳಿಯುತ್ತದೆ. ಅಣಶಿ ಘಟ್ಟದಲ್ಲಿ ಕದ್ರಾದ ಕಡೆಗೆ ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಯುವವನ ಡ್ರಮ್ಮುಗಳು ಎಷ್ಟು ಕಾಯುವುವೆಂಬುದನ್ನು, ಕೆಳಗೆ ನಿಂತಾಗ ಬರುವ ಸುಟ್ಟ ವಾಸನೆಯೇ ಹೇಳುತ್ತದೆ. ದ್ರವ ಕುದಿದರೆ ಆವಿ. ಆವಿಯೂ ಗಾಳಿಯಂತೆ ಕುಗ್ಗುತ್ತದೆ. ಹೊರಡುವಾಗ ಕಲ್ಲಿನಂತಿದ್ದ ಪೆಡಲು ನಡುಘಟ್ಟದಲ್ಲಿ ಕಾಲಡಿಯಿಂದ ಜಾರಿಹೋಗುತ್ತದೆ. ಏರುವಾಗ ಯಾವ ಗಿಯರೋ ಇಳಿಯುವಾಗಲೂ ಅದೇ ಗಿಯರು ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಇನ್ನು ಆಯಿಲ್ ಎಂಬ ಹೆಸರನ್ನು ನಂಬಿ ಇಂಜಿನ್ ಎಣ್ಣೆಯನ್ನೇ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ನಾಶವಾಗುತ್ತದೆ. ಈ ದ್ರವಕ್ಕೆ ಬೇರೆ ಹೆಸರಿಟ್ಟಿದ್ದರೆ ಎಷ್ಟೋ ಬಂಡಿಗಳು ಬದುಕುತ್ತಿದ್ದವು. ಬಣ್ಣಕ್ಕಂತೂ ಇದು ಶತ್ರು. ಮಾಸ್ತರರು ತೆರೆದ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟ ಕಡೆ ಹೊಸ ಹಸುರು ಬಣ್ಣವು ಹಪ್ಪಳದಂತೆ ಎದ್ದುಬಂದ ಉಂಗುರ ಇಂದಿಗೂ ಇದೆ.

ಜಾತ್ರೆ ಹತ್ತಿರ ಬಂದದ್ದರಿಂದ ಮಿಸ್ತ್ರಿಗೆ ಬಿಡುವಿರಲಿಲ್ಲ. ಏರ್ ತೆಗೆಯುವುದು ಒಬ್ಬರಿಂದಾಗುವ ಕೆಲಸವಲ್ಲ. ಒಂದು ಕಾಲು ಬೇಕು, ಒಂದು ಕೈ ಬೇಕು. ಕೈ ಮಾಸ್ತರರದಾಯಿತು, ಕಾಲು ಮಡದಿಯದಾಯಿತು. ಆಕೆ ಅದುವರೆಗೆ ಯಾವ ಬಂಡಿಯ ಪೆಡಲನ್ನೂ ಮೆಟ್ಟಿದವರಲ್ಲ. ಸೀರೆಯ ನೆರಿಗೆಯನ್ನು ಎತ್ತಿಕಟ್ಟಿ ಚಾಲಕನ ಸ್ಥಾನದಲ್ಲಿ ಕುಳಿತರು. ಮಾಸ್ತರರು ಚಾಪೆ ಹಾಸಿಕೊಂಡು ಜೀಪಿನ ಕೆಳಗೆ ಸೇರಿದರು. ಜಗಲಿಯ ಮೇಲೆ ತಾಯಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು.

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಕೆಲಸ ಪ್ರಾರಂಭ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಗಾಲಿಯ ಹಿಂಬದಿಯಲ್ಲಿ ಒಂದು ಪುಟ್ಟ ನಿಪ್ಪಲ್ ಇದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕಿನೆಣ್ಣೆ ಬಿಟ್ಟು, ರಿಂಗ್ ಪಾನಾದಿಂದ ಮೆಲ್ಲಗೆ ಸಡಿಲಿಸಬೇಕು. ಅವಸರಪಟ್ಟರೆ ತಲೆ ಮುರಿದು ಇನ್ನೊಂದು ಪುರಾಣ ಆರಂಭವಾಗುತ್ತದೆ. ನಿಪ್ಪಲ್ಲಿಗೆ ಪಾರದರ್ಶಕ ನಳಿಕೆಯನ್ನು ಸಿಕ್ಕಿಸಿ, ಅದರ ಮತ್ತೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಬೇಕು. ಮೇಲಿನವರು ಪೆಡಲನ್ನು ಒತ್ತಿ ಹಿಡಿಯಬೇಕು. ಆಗ ಕೆಳಗಿನವರು ನಿಪ್ಪಲನ್ನು ಅರ್ಧ ಸುತ್ತು ಬಿಚ್ಚಿದರೆ ದ್ರವದೊಡನೆ ಗುಳ್ಳೆ ಹೊರಟು ಬಾಟಲಿಯಲ್ಲಿ ಬುಳಬುಳನೆ ಏಳುತ್ತದೆ. ನಿಪ್ಪಲನ್ನು ಮತ್ತೆ ಬಿಗಿದ ಮೇಲೆಯೇ ಪೆಡಲನ್ನು ಬಿಡಬೇಕು. ಮೊದಲೇ ಬಿಟ್ಟರೆ ಹೊರಹೋದ ಗಾಳಿ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ನಡುನಡುವೆ ಕಾಲಡಿಯ ತಗಡಿನ ಮುಚ್ಚಳ ತೆರೆದು, ದೂಳೊರೆಸಿ, ದ್ರವದ ಮಟ್ಟ ನೋಡಿ ತುಂಬಬೇಕು. ಒಮ್ಮೆ ಬಟ್ಟಲು ಬರಿದಾಯಿತೋ, ಇಡೀ ಕೆಲಸ ಮೊದಲಿನಿಂದ.

“ಒತ್ತು.”

“ಒತ್ತೇನ್ರಿ.”

“ಹಿಡಿ… ಬಿಡು.”

ಒಂದು ಗಾಲಿಗೆ ಇಪ್ಪತ್ತು ಮೂವತ್ತು ಸಲ ಈ ಮಂತ್ರ ನಡೆಯಿತು. ಜಗಲಿಯಿಂದ ತಾಯಿ, “ಎಷ್ಟ ಸಲಾ ಒತ್ತಸ್ತೀಯೋ ತಮ್ಮಾ ಆಕಿ ಕಡಿಂದ, ಕಾಲು ನೋಯಂಗಿಲ್ಲೇನು?” ಎಂದರು. ಮೊದಲು ಬಂದ ದ್ರವವು ಕಾಫಿಯ ಬಣ್ಣದ್ದಾಗಿತ್ತು, ಬರಬರುತ್ತ ತಿಳಿಯಾಯಿತು. ನಾಲ್ಕನೆಯ ಗಾಲಿಯೂ ಮುಗಿಯಿತೆನ್ನುವಾಗ ಮಾಸ್ತರರ ಕೈಯಿಂದ ಪಾನಾ ಜಾರಿ ಎಲ್ಲಿಯೋ ಉರುಳಿತು. “ಹಿಡಿದಿರು, ಬಿಡಬೇಡ” ಎಂದು ಅವರು ಕತ್ತಲಲ್ಲಿ ತಡಕತೊಡಗಿದರು. ಒಂದು ನಿಮಿಷ ಕಳೆದಿರಬಹುದು.

“ರೀ, ಇದು ಕೆಳಗ ಹೊಂಟೈತಿ.”

“ನೀನು ಜೋರು ಒತ್ತಲಿಕ್ಕೆ ಹತ್ತೀ.”

“ನನ್ನ ಕಾಲು ನನಗ ಗೊತ್ತಿಲ್ಲೇನ್ರಿ? ಹಿಡದಷ್ಟ ಹಿಡದೇನಿ. ಅದ ತಾನ ಇಳೀತೈತಿ, ಸಾವಕಾಶ.”

ಮಾಸ್ತರರು ಹೊರಬಂದು ತಾವೇ ಒತ್ತಿ ನೋಡಿದರು. ವಾಹನ ಬಲ್ಲವರೆಲ್ಲರಂತೆ ಅವರೂ ಪೆಡಲನ್ನು ಪಟಪಟನೆ ಒತ್ತಿ ‘ಗಟ್ಟಿಯಾಗಿದೆ’ ಎಂದರು. ಮಡದಿ, ಒತ್ತಿ ಸುಮ್ಮನಿರಿ ಎಂದರು. ಒತ್ತಿ ಸುಮ್ಮನಿದ್ದಾಗ ಗಡಿಯಾರದ ದೊಡ್ಡ ಮುಳ್ಳಿನಂತೆ, ಚಲನೆಯೇ ಕಾಣದ ಹಾಗೆ, ಪೆಡಲು ಇಳಿಯುತ್ತಿತ್ತು. ನಿಪ್ಪಲ್ಲುಗಳು ಬಿಗಿಯಾಗಿದ್ದವು. ನಾಲ್ಕೂ ಗಾಲಿ ಒಣಗಿದ್ದವು. ಬಟ್ಟಲಿನ ಮಟ್ಟವೂ ಇಳಿದಿರಲಿಲ್ಲ. ಹೊರಗೆಲ್ಲಿಯೂ ಸೋರದ ದ್ರವ ಹೋಗುತ್ತಿದ್ದುದು ಎಲ್ಲಿಗೆ? ಮಾಸ್ಟರ್ ಸಿಲಿಂಡರಿನೊಳಗೇ, ಬೆಣೆಯ ರಬ್ಬರಿನ ಕಪ್ಪನ್ನು ಜಾರಿಕೊಂಡು, ಬಂದ ಬಟ್ಟಲಿಗೆ ಹಿಂದಿರುಗುತ್ತಿತ್ತು. ಎರಡನೆಯ ಕಳ್ಳ ಮನೆಯ ಯಜಮಾನನೇ ಆಗಿದ್ದನು. ಅವಸರದ ಕಾಲಿಗೆ ಅವನು ಸಿಕ್ಕುವವನಲ್ಲ. ಹಾಲಿನ ಪಾತ್ರೆಯ ಮುಂದೆ ಉಕ್ಕುವವರೆಗೆ ನಿಂತು ಅಭ್ಯಾಸವಾದವರ ಕಾಲು ಬೇಕಾಯಿತು.

ಈ ಜೀಪಿನ ಕಾಲದ ಬಂಡಿಗಳಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ದಾರಿ. ಅದು ಕೈಕೊಟ್ಟರೆ ನಾಲ್ಕೂ ಹೋದವು. ದ್ರವದ ದಾರಿಯನ್ನು ಎರಡಾಗಿ ಒಡೆದು, ಒಂದು ಕೆಟ್ಟರೆ ಇನ್ನೊಂದು ಉಳಿಯುವಂತೆ ಮಾಡುವುದು ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಕಡ್ಡಾಯವಾಯಿತು. ಹಳೆಯ ಜೀಪಿನವನಿಗೆ ಉಳಿಯುವ ಆಸರೆ ಕೈಬ್ರೇಕೊಂದೇ. ಅದು ಗಾಲಿಯನ್ನಲ್ಲ, ಇಂಜಿನ್ನಿನಿಂದ ಹಿಂದಕ್ಕೆ ಹೋಗುವ ದಂಡವನ್ನು ಹಿಡಿಯುತ್ತದೆ, ದ್ರವದ ಹಂಗಿಲ್ಲ.

ಸಿಲಿಂಡರನ್ನು ಇಳಿಸಿ ಬಿಚ್ಚಿದಾಗ ಅದರ ಒಳಮೈಯ ತಳಭಾಗದಲ್ಲಿ ಸಿಡುಬಿನ ಕಲೆಗಳಂತಹ ಗುಳಿಗಳು ಕಂಡವು. ದ್ರವ ಹೀರಿದ ನೀರು ಎರಡು ಮಳೆಗಾಲ ಅಲ್ಲಿ ಕುಳಿತು ತಿಂದಿತ್ತು. ಉಜ್ಜಿ ನಯಮಾಡಿದರೆ ಒಂದು ವರ್ಷ ಬರಬಹುದೆಂದು ಒಬ್ಬರು ಸಲಹೆ ಕೊಟ್ಟರು. ಮಾಸ್ತರರು ಉತ್ತರ ಕೊಡದೆ ಮರುದಿನದ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಹೊಸದನ್ನೇ ತಂದರು. ಅದನ್ನು ಕೂರಿಸುವ ಮೊದಲು ದ್ರವ ತುಂಬಿ, ಬೆಣೆಯನ್ನು ಮೆಲ್ಲಮೆಲ್ಲಗೆ ನೂಕಿ, ಒಳಗಿನ ಗಾಳಿಯನ್ನು ಹೊರಡಿಸಬೇಕು. ಪೆಡಲಿನ ಸಲಾಕೆಗೂ ಬೆಣೆಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲವಿರಬೇಕು. ಇಲ್ಲದಿದ್ದರೆ ದ್ರವ ಬಟ್ಟಲಿಗೆ ಮರಳಲು ದಾರಿಯಿಲ್ಲದೆ ಬ್ರೇಕು ಹಿಡಿದುಕೊಂಡೇ ಇರುತ್ತದೆ. ಈ ಮಾತನ್ನು ಮಿಸ್ತ್ರಿಯೇ ಹೇಳಿದನು. ಅದನ್ನು ಕೇಳಿಸಿಕೊಳ್ಳಲು ಮಾಸ್ತರರು ಫೋನನ್ನು ಹಿಡಿದು ಗುಡ್ಡದ ನೆತ್ತಿಗೆ ಹತ್ತಬೇಕಾಯಿತು.

ಮತ್ತೆ ಚಾಪೆ, ಬಾಟಲಿ, ಒತ್ತು, ಹಿಡಿ, ಬಿಡು. ಈ ಸಲ ಕೊನೆಯಲ್ಲಿ ಮಡದಿ ತಾವಾಗಿಯೇ ಒತ್ತಿ ಹಿಡಿದು, ಮನಸ್ಸಿನಲ್ಲಿಯೇ ನೂರು ಎಣಿಸಿ, “ಇಳಿಯಂಗಿಲ್ರಿ” ಎಂದರು. ಪರೀಕ್ಷೆ ಅಂಗಳದಲ್ಲಿ ನಡೆಯಿತು, ಬಳಿಕ ಸಮನೆಲದಲ್ಲಿ, ಬಳಿಕ ಸಣ್ಣ ಇಳಿಜಾರಿನಲ್ಲಿ. ಕೈಬ್ರೇಕಿನ ಮೇಲೆ ಒಂದು ಕೈ ಸದಾ ಇದ್ದಿತು.

ಅಷ್ಟರಲ್ಲಿ ಜಾತ್ರೆಯ ಗಾಡಿಗಳು ಬರತೊಡಗಿದ್ದವು. ನೀರು ಕೇಳಲು ಅಂಗಳಕ್ಕೆ ಬಂದ ಮುದುಕನೊಬ್ಬ, ಜೀಪಿನ ಸುತ್ತ ಹರಡಿದ್ದ ಪಾನಾ, ಬಾಟಲಿಗಳನ್ನು ನೋಡಿ ಏನು ಕೆಲಸವೆಂದು ವಿಚಾರಿಸಿದನು. ಮಾಸ್ತರರು ವಿವರಿಸಿದರು. ಅವನು ರಸ್ತೆಯಲ್ಲಿದ್ದ ತನ್ನ ಗಾಡಿಯ ಕಡೆಗೆ ಕೈ ತೋರಿದನು. ಇಳಿಜಾರಿನಲ್ಲಿ ಗಾಲಿಗೆ ಅಮುಕುವ ಮರದ ತುಂಡು ಅಲ್ಲಿತ್ತು. ದಾರಿಯ ಸವೆತಕ್ಕೆ ಅದರ ಮೈಯಲ್ಲಿ ಗಾಲಿಯಗಲದ ಹಳ್ಳ ಬಿದ್ದಿತ್ತು. “ನಮ್ದು ಸವದ್ರ ಕಣ್ಣಿಗೆ ಕಾಣತೈತ್ರಿ ಮಾಸ್ತರ. ಬ್ಯಾರೆ ಕಟಗಿ ಹಾಕ್ತೀವಿ. ನಿಮ್ದು ಸವದದ್ದು ಹ್ಯಾಂಗ ತಿಳೀತೈತಿ?” ಮಾಸ್ತರರು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಮಡದಿ, “ಕಾಲಿಗೆ ತಿಳೀತೈತ್ರಿ ಅಜ್ಜಾರ” ಎಂದರು.

ಹುಣ್ಣಿಮೆಯ ದಿನ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎರಡನೆಯ ಗಿಯರಿನಲ್ಲಿ, ಗಾಡಿಗಳ ಹಿಂದೆ ಗಾಡಿಯಾಗಿ, ನಡೆದುಹೋಗುವವರು ಮುಂದೆ ಹೋಗುವಷ್ಟು ನಿಧಾನವಾಗಿ ಜೀಪು ಇಳಿಯಿತು. ಐದಾರು ಕಡೆ ನಿಲ್ಲಬೇಕಾಯಿತು. ಒಂದೇ ಒತ್ತಿಗೆ ನಿಂತಿತು. ತಾಯಿ ಇದಾವುದನ್ನೂ ಗಮನಿಸಲಿಲ್ಲ. ಮುಂದಿನ ಗಾಡಿಯ ಎತ್ತುಗಳ ಕೋಡಿನ ಬಣ್ಣ ಚೆನ್ನಾಗಿದೆಯೆಂದು ಹೇಳುತ್ತಿದ್ದರು. ಹಿಂದೆ ಕುಳಿತಿದ್ದ ಮಡದಿ ಮಾತ್ರ ಪ್ರತಿ ತಿರುವಿನಲ್ಲಿಯೂ ಬಲಗಾಲಿನಿಂದ ಜೀಪಿನ ತಗಡನ್ನು ಒತ್ತುತ್ತಿದ್ದುದುಂಟು.

ಉಳಿದ ಅರ್ಧ ಡಬ್ಬಿ ದ್ರವವನ್ನು ಮುಂದಿನ ವರ್ಷಕ್ಕೆಂದು ಮಾಸ್ತರರು ಕಪಾಟಿನಲ್ಲಿಟ್ಟಿದ್ದರು. ಬಾಯಿ ಒಡೆದ ಡಬ್ಬಿಯೂ ನೀರು ಹೀರುತ್ತದೆಂದು ತಿಳಿದ ಮೇಲೆ ಅದನ್ನು ತೆಗೆದುಹಾಕಲಾಯಿತು. ಅಡುಗೆಮನೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ, ಗ್ಯಾಸು ತೀರಿದ ದಿನ, ಹಾಲಿನವನ ಬಾಕಿ, ಅತ್ತೆಯ ಗುಳಿಗೆಗಳ ಲೆಕ್ಕ ಇವುಗಳ ನಡುವೆ, ಮೇ ತಿಂಗಳ ಕೊನೆಯ ವಾರದ ಮೇಲೆ ಮಡದಿಯ ಅಕ್ಷರದಲ್ಲಿ ಹೀಗೆ ಬರೆದಿದೆ: ‘ಜೀಪಿನ ಬ್ರೇಕ್ ಆಯಿಲ್. ಮಳಿಗಿಂತ ಮೊದಲ.’